ಎಡಗಡೆಯ ಹೂ

ದೇವರ ಮಹಿಮೆಯ ಬಗ್ಗೆ ಯಾರಾದರೂ ಸ್ವಂತ ಅನುಭವ ಎಂದು ಬರೆದರೆ ನಾನು ಅದನ್ನು ಕೈಯಲ್ಲಿ ಪೆನ್ಸಿಲ್ ಹಿಡಿದು ಓದುತ್ತಿದ್ದವನು. ಬರೆದವರು ಎಲ್ಲಿ ಜಾರಿದ್ದಾರೆ, ಯಾವ ಮಾತನ್ನು ಬೇಕೆಂದೇ ಬಿಟ್ಟಿದ್ದಾರೆ ಎಂದು ಹುಡುಕಿ ಅಂಚಿನಲ್ಲಿ ಗೀಟು ಹಾಕುತ್ತಿದ್ದೆ. ಒಂದೂ ಗೀಟು ಬೀಳದ ಲೇಖನ ನನಗೆ ಸಿಕ್ಕಿಲ್ಲ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕುಳಿತಿದ್ದೇನೆ. ನಿಮ್ಮ ಹತ್ತಿರ ಪೆನ್ಸಿಲ್ ಇದ್ದರೆ ತೆಗೆದುಕೊಳ್ಳಿ, ನನಗೇನೂ ಬೇಸರವಿಲ್ಲ.

ಅನುಮಾನ ನನ್ನ ಹುಟ್ಟುಗುಣ. ಅದಕ್ಕೆ ಸಂಬಳ ಕೊಡುವ ಕೆಲಸವೂ ಸಿಕ್ಕಿತು. ಮೂವತ್ತು ವರ್ಷ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಬೇರೆಯವರು ಸರಿಯಿದೆ ಎಂದು ಕಳಿಸಿದ ಬಿಡಿಭಾಗಗಳನ್ನು ಅಳೆದು, ಸರಿಯಿಲ್ಲ ಎಂದು ವಾಪಸ್ ಕಳಿಸುವುದು ನನ್ನ ಕೆಲಸ. ನಿವೃತ್ತನಾದ ಮೇಲೆ ಜೆ.ಪಿ. ನಗರದ ಮನೆಯಲ್ಲಿ ಅಳೆಯಲು ಏನೂ ಇಲ್ಲದೆ ಹಾಲಿನ ಪ್ಯಾಕೆಟ್ ತೂಗಿ ನೋಡುತ್ತೇನೆ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಅದು ಸುಳ್ಳೇನಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರೇ ಹೇಳಿದ್ದಾರಲ್ಲ, ನಾನು ಹೊಸದಾಗಿ ಏನನ್ನೂ ಮಾಡುತ್ತಿರಲಿಲ್ಲ.

ನನ್ನ ಅಕ್ಕನ ಸ್ವಭಾವ ಬೇರೆ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದು ರಿಟೈರ್ ಆದವಳು, ಶ್ರೀನಗರದಲ್ಲಿ ಒಬ್ಬಳೇ ಇದ್ದಾಳೆ. ಮದುವೆಯಾಗಲಿಲ್ಲ. ಅಮ್ಮ ಬೇಗ ಹೋದದ್ದರಿಂದ ನನ್ನನ್ನು ಓದಿಸಿ ದಾರಿಗೆ ಹಚ್ಚಿದವಳು ಅವಳೇ. ಅವಳ ಮನೆಯ ಹಿಂದಿನ ಅಡ್ಡರಸ್ತೆಯಲ್ಲಿ ಒಂದು ಸಣ್ಣ ಗಣಪತಿ ದೇವಸ್ಥಾನವಿದೆ. ಯಾವ ದೊಡ್ಡ ಕೆಲಸಕ್ಕೂ ಮೊದಲು ಅಲ್ಲಿ ಹೂ ಪ್ರಸಾದ ಕೇಳುವುದು ಅವಳ ಅಭ್ಯಾಸ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಅರ್ಚಕರು ವಿಗ್ರಹದ ಎರಡೂ ಹೆಗಲ ಮೇಲೆ ಒಂದೊಂದು ಹೂ ಇಡುತ್ತಾರೆ. ಕೇಳುವವರು ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಮನಸ್ಸಿನಲ್ಲೇ ಕೇಳಿಕೊಂಡು ಕೈಮುಗಿದು ನಿಲ್ಲುತ್ತಾರೆ. ದೇವರ ಬಲಗಡೆಯ ಹೂ ಬಿದ್ದರೆ ಆಗಲಿ ಎಂದು ಅರ್ಥ, ಎಡಗಡೆಯದು ಬಿದ್ದರೆ ಬೇಡ ಎಂದು. ಒಂದೇ ವಿಷಯವನ್ನು ಮೂರು ಸಲಕ್ಕಿಂತ ಹೆಚ್ಚು ಕೇಳಬಾರದು ಎಂಬುದು ಅಕ್ಕನ ನಿಯಮ.

ಕೆಲವು ವರ್ಷಗಳ ಹಿಂದೆ ಅಕ್ಕನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಜಯನಗರದಲ್ಲಿ ಡಾಕ್ಟರಿಗೆ ತೋರಿಸಿದೆವು. ಹೃದಯದ ಒಂದು ಕವಾಟ ತೀರಾ ಕಿರಿದಾಗಿದೆ, ಆಪರೇಷನ್ ಮಾಡಿ ಬದಲಾಯಿಸಬೇಕು, ಒಂದು ತಿಂಗಳಿಗಿಂತ ತಡಮಾಡಬೇಡಿ ಎಂದರು. ತಡಮಾಡಿದರೆ ಏನಾಗುತ್ತದೆ ಎಂದು ನಾನು ಕೇಳಿದೆ. ಅವರು ಅಕ್ಕನನ್ನು ಹೊರಗೆ ಕೂರಿಸಿ ಬರಲು ಹೇಳಿದರು. ಅಷ್ಟರಲ್ಲೇ ನನಗೆ ಉತ್ತರ ಸಿಕ್ಕಿತು.

ಅಕ್ಕ ಮಾತ್ರ ಹೂ ಪ್ರಸಾದವಾಗದೆ ಆಸ್ಪತ್ರೆಗೆ ಸೇರುವುದಿಲ್ಲ ಎಂದಳು. ಮೊದಲ ಸಲ ಕೇಳಿದಾಗ ಎಡಗಡೆಯ ಹೂ ಬಿತ್ತು. ವಾರ ಬಿಟ್ಟು ಮತ್ತೆ ಕೇಳಿದಳು, ಮತ್ತೆ ಎಡಗಡೆಯದೇ. ಉಳಿದದ್ದು ಒಂದೇ ಸಲ. ನಾನು ಕೂಗಾಡಿದೆ, ಬೇಡಿಕೊಂಡೆ, ಡಾಕ್ಟರ ಹತ್ತಿರ ಫೋನ್ ಮಾಡಿಸಿದೆ. ಅಕ್ಕ ಫೋನಿನಲ್ಲಿ ಅವರ ಮಕ್ಕಳ ಓದಿನ ಬಗ್ಗೆ ವಿಚಾರಿಸಿ ಇಟ್ಟುಬಿಟ್ಟಳು.

ಆಗ ನಾನು ನನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಕೈಹಾಕಿದೆ. ಮೂರು ಸಂಜೆ ಆ ದೇವಸ್ಥಾನದಲ್ಲಿ ಕುಳಿತು, ಬಂದವರಿಗೆಲ್ಲ ಯಾವ ಕಡೆಯ ಹೂ ಬೀಳುತ್ತದೆ ಎಂದು ನೋಡಿದೆ. ಹೆಚ್ಚಾಗಿ ಎಡಗಡೆಯದೇ ಬೀಳುತ್ತಿತ್ತು. ಕಾರಣವೂ ಸಿಕ್ಕಿತು. ಗರ್ಭಗುಡಿಯ ಬಾಗಿಲ ಪಕ್ಕ, ದೇವರ ಎಡಕ್ಕೆ, ಗೋಡೆಗೆ ಒಂದು ಫ್ಯಾನ್ ಹಾಕಿದ್ದರು. ಹೂ ನಿಲ್ಲಲಿ ಎಂದು ಅರ್ಚಕರು ಅದನ್ನು ನೀರಿನಲ್ಲಿ ಅದ್ದಿ ಇಡುತ್ತಿದ್ದರು. ಗಾಳಿಗೆ ಆ ಕಡೆಯದು ಬೇಗ ಒಣಗಿ ಜಾರುತ್ತಿತ್ತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ನೇರ ಅಕ್ಕನ ಮನೆಗೆ ಹೋಗಿ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದೆ. ಅವಳು ಕೊನೆಯವರೆಗೂ ಕೇಳಿ, “ಆ ಫ್ಯಾನ್ನ ಅಲ್ಲಿ ಹಾಕ್ಸಿದ್ದು ಯಾರು ಅಂದ್ಕೊಂಡಿದ್ದೀಯ?” ಎಂದಳು. ದೇವಸ್ಥಾನದ ಕಮಿಟಿಯವರು ಎಂದೆ. ನಕ್ಕು ಕಾಫಿ ಕೊಟ್ಟಳು. ಬುಧವಾರ ಸಂಜೆ ಮೂರನೆಯ ಸಲ ಕೇಳುತ್ತೇನೆ ಎಂದಳು.

ನನಗೆ ಅಳು ಬಂತು, ನಿಜವಾಗಿ. ಸಾಯುವ ಹಟ ಹಿಡಿದವರ ಮುಂದೆ ಪುರಾವೆ ಹಿಡಿದು ಏನು ಮಾಡುವುದು? ಪುರಾವೆಯಿಂದ ಆಗದಿದ್ದರೆ ಮೋಸದಿಂದಲಾದರೂ ಆಗಲಿ ಎಂದು ಅವತ್ತು ರಾತ್ರಿ ತೀರ್ಮಾನಿಸಿದೆ.

ಬುಧವಾರ ಮಧ್ಯಾಹ್ನ ಅರ್ಚಕರ ಮನೆಗೆ ಹೋದೆ. ನಲವತ್ತರ ಒಳಗಿನ ವಯಸ್ಸು, ಬಿ.ಕಾಂ. ಓದಿದವರು, ಸ್ಕೂಟರಿನಲ್ಲಿ ಓಡಾಡುವ ಸಾಧು ಮನುಷ್ಯ. ನನ್ನ ಬೇಡಿಕೆ ಸರಳವಾಗಿತ್ತು. ಫ್ಯಾನ್ ಆರಿಸಬೇಕು, ಎಡಗಡೆಯ ಹೂವನ್ನು ದಪ್ಪಗೆ ಗಂಧ ಮೆತ್ತಿ ಅಂಟಿಸಬೇಕು, ಬಲಗಡೆಯದನ್ನು ಹೆಗಲ ಅಂಚಿನಲ್ಲಿ ಸುಮ್ಮನೆ ಇಡಬೇಕು. ಅವರು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು. “ಸಾರ್, ನನ್ನ ಕೈಯಲ್ಲಿ ಇಂಥದ್ದೆಲ್ಲ ಮಾಡಿಸ್ಬೇಡಿ. ನಾನು ಅವನ ಹತ್ರ ದಿನಾ ಹೋಗೋನು.” ಹೂ ಹೇಗೆ ಇಡಬೇಕು ಎಂದು ಯಾವ ಶಾಸ್ತ್ರದಲ್ಲಿದೆ ಎಂದು ನಾನು ವಾದಿಸಿದೆ. ಅದರಿಂದ ಆಗದಾಗ ಅಕ್ಕನ ವರದಿ ತೋರಿಸಿದೆ. ಅವರು ಅದನ್ನು ಬಹಳ ಹೊತ್ತು ನೋಡಿದರು. “ಮೊನ್ನೆ ಪ್ರದಕ್ಷಿಣೆ ಮಾಡೋವಾಗ ಅಮ್ಮ ಎರಡು ಸಲ ಕೂತ್ಕೊಂಡ್ಬಿಟ್ರು ಸಾರ್” ಎಂದರು. ಒಪ್ಪಿಕೊಂಡರು ಎಂದು ಗೊತ್ತಾಯಿತು.

ಐದೂವರೆಗೆ ನಾನು ಗರ್ಭಗುಡಿಯ ಹೊಸ್ತಿಲಿನ ಹೊರಗೆ ನಿಂತು ಎಲ್ಲವನ್ನೂ ಕಣ್ಣಾರೆ ಕಂಡೆ. ದೇವರ ಬಲ ಎಂದರೆ ಎದುರು ನಿಂತ ನಮಗೆ ಎಡ. ಅದನ್ನೂ ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಎರಡೂ ಹಳದಿ ಸೇವಂತಿಗೆ, ಒಂದೇ ಗಾತ್ರ, ನಾನೇ ಆರಿಸಿ ತಂದದ್ದು. ಎಡಗಡೆಯ ಹೂವಿನ ತೊಟ್ಟಿಗೆ ಅರ್ಚಕರು ನೆಲ್ಲಿಕಾಯಿ ಗಾತ್ರದ ಗಂಧ ಮೆತ್ತಿ ಹೆಗಲಿಗೆ ಒತ್ತಿದರು. ಸ್ವಲ್ಪ ಎಳೆದು ನೋಡಿ ಎಂದೆ. ಎಳೆದರು, ಅಲುಗಲಿಲ್ಲ. ಬಲಗಡೆಯದು ಅರ್ಧ ಹೊರಗೆ ಚಾಚಿಕೊಂಡು, ಯಾರಾದರೂ ಜೋರಾಗಿ ಸೀನಿದರೆ ಬೀಳುವ ಹಾಗಿತ್ತು. ಫ್ಯಾನ್ ಆರಿಸಿದರು. ಅಕ್ಕ ಬರುವ ಹೊತ್ತಿಗೆ ಒಳಗೆ ನಾವು ಮೂವರೇ.

ಮಂಗಳಾರತಿಯಾಯಿತು. ಅಕ್ಕ ನನ್ನ ಕಡೆ ಒಂದು ಸಲ ನೋಡಿ ಕಣ್ಣು ಮುಚ್ಚಿದಳು. ನಾನು ಬಲಗಡೆಯ ಹೂವಿನ ಮೇಲೆ ನೆಟ್ಟ ಕಣ್ಣು ತೆಗೆಯಲಿಲ್ಲ. ಅರ್ಚಕರು ನನ್ನ ಪಕ್ಕ, ಹೊಸ್ತಿಲಿನಿಂದ ಈಚೆಗೇ ನಿಂತಿದ್ದರು. ಕೈಗಳು ಎದೆಯ ಮೇಲಿದ್ದವು. ಇದನ್ನು ನಾನು ಆಗಲೇ ಗಮನಿಸಿದ್ದೆ, ಯಾಕೆಂದರೆ ಅವರ ಮೇಲೂ ನನಗೆ ಪೂರ್ತಿ ನಂಬಿಕೆ ಇರಲಿಲ್ಲ. ಹತ್ತು ನಿಮಿಷ ಏನೂ ಆಗಲಿಲ್ಲ. ಹೊರಗೆ ಒಂದು ನೀರಿನ ಟ್ಯಾಂಕರ್ ಗಡಗಡ ಎಂದು ಹೋಯಿತು. ಇದೇ ಸಮಯ, ಬೀಳು ಎಂದುಕೊಂಡೆ. ಬಲಗಡೆಯ ಹೂ ಅಲುಗಾಡಿ ಅಲ್ಲೇ ನಿಂತಿತು. ಟ್ಯಾಂಕರ್ ಹೋಗಿ, ಬೀದಿಯಲ್ಲಿ ಸದ್ದೆಲ್ಲ ಅಡಗಿದ ಮೇಲೆ, ಎಡಗಡೆಯ ಹೂ ಬಿತ್ತು.

ಅದು ಜಾರಿ ಬೀಳಲಿಲ್ಲ. ಗಂಧದ ಮುದ್ದೆಯ ಸಮೇತ ಕಳಚಿಕೊಂಡು ಪೀಠದ ಮೇಲೆ ಬಿತ್ತು. ಬಿದ್ದ ಸದ್ದೂ ಕೇಳಿಸಿತು. ಅರ್ಚಕರು “ಗಣೇಶಾ” ಎಂದು ಉಸುರಿದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ ಆಯಿತು ನನ್ನ ಕಥೆ. ಮೂರೂ ಸಲ ಬೇಡ ಎಂದಾಗಿತ್ತು. ನನ್ನ ಅಕ್ಕನನ್ನು ನಾನೇ ಕೈಯಾರೆ ಕೊಂದೆ ಎನ್ನಿಸಿತು.

ಅಕ್ಕ ಪ್ರಸಾದದ ಹೂವನ್ನು ಕಣ್ಣಿಗೊತ್ತಿಕೊಂಡು ಹೊರಗೆ ಬಂದು ಜಗಲಿಯ ಮೇಲೆ ಕುಳಿತಳು. ನಾನು ತಡೆಯಲಾರದೆ ಎಲ್ಲವನ್ನೂ ಒದರಿಬಿಟ್ಟೆ. ಇದು ಲೆಕ್ಕಕ್ಕಿಲ್ಲ, ನಾನು ಮೋಸ ಮಾಡಿದ್ದೇನೆ, ಗಂಧ ಮೆತ್ತಿಸಿದ್ದೇನೆ, ಇನ್ನೊಂದು ಸಲ ಕೇಳು ಎಂದು ರಸ್ತೆಯಲ್ಲೇ ಕೂತು ಅವಳ ಕಾಲು ಹಿಡಿದೆ. ಅವಳು ಕೈಯಲ್ಲಿದ್ದ ಹೂವನ್ನು ತಿರುಗಿಸಿ ತೊಟ್ಟಿನ ಗಂಧವನ್ನು ನೋಡಿದಳು.

“ಏಳೋ ಮೇಲೆ. ನಾಳೆ ಆಸ್ಪತ್ರೆಗೆ ಫೋನ್ ಮಾಡು, ಸೇರ್ಕೋತೀನಿ” ಎಂದಳು.

ನನಗೆ ಅರ್ಥವಾಗಲಿಲ್ಲ.

“ನೀನು ಯಾವತ್ತಾದ್ರೂ ನನಗಿಂತ ಮೊದ್ಲು ದೇವಸ್ಥಾನಕ್ಕೆ ಬಂದಿದ್ದೀಯ? ಫ್ಯಾನ್ ಆಫ್ ಆಗಿದೆ, ಅರ್ಚಕರು ನನ್ನ ಮುಖ ನೋಡ್ತಿಲ್ಲ. ಏನೋ ಮಾಡಿದ್ದೀಯ ಅಂತ ಗೊತ್ತಾಯ್ತು ಕಣೋ. ಅದಕ್ಕೇ ಇವತ್ತು ಉಲ್ಟಾ ಕೇಳ್ಕೊಂಡೆ. ಆಪರೇಷನ್ ಮಾಡಿಸ್ಕೋಬೇಕು ಅನ್ನೋದಾದ್ರೆ ಎಡಗಡೆ ಕೊಡಪ್ಪಾ ಅಂತ. ಕೊಟ್ಟ.”

ಆಪರೇಷನ್ ಚೆನ್ನಾಗಿಯೇ ಆಯಿತು. ಅಕ್ಕ ಇವತ್ತಿಗೂ ಗಟ್ಟಿಯಾಗಿದ್ದಾಳೆ, ಬನಶಂಕರಿ ಮಾರ್ಕೆಟ್ಟಿನಿಂದ ತಾನೇ ತರಕಾರಿ ಹೊತ್ತು ತರುತ್ತಾಳೆ. ಇಲ್ಲಿಗೆ ನಿಲ್ಲಿಸಿದರೆ ಇದು ನಾನು ಗೀಟು ಹಾಕುತ್ತಿದ್ದಂಥ ಲೇಖನವಾಗುತ್ತದೆ. ಆದ್ದರಿಂದ ಉಳಿದದ್ದನ್ನೂ ಹೇಳಬೇಕು.

ಅವಳು ಆಸ್ಪತ್ರೆಯಿಂದ ಬಂದ ಮೇಲೆ ನಾನು ಮನೆಯಲ್ಲಿ ರುಬ್ಬುವ ಗುಂಡುಕಲ್ಲು ತೊಳೆದು, ಅಷ್ಟೇ ಗಂಧ ಮೆತ್ತಿ, ಅದೇ ಜಾತಿಯ ಸೇವಂತಿಗೆ ಅಂಟಿಸಿ ನೋಡಿದೆ. ಬೆಳಗಾದರೂ ಬೀಳಲಿಲ್ಲ. ಮರುದಿನ ಮತ್ತೆ, ಅದರ ಮರುದಿನ ಮತ್ತೆ. ದೋಸೆಗೆ ರುಬ್ಬುವುದು ಯಾವಾಗ ಎಂದು ಹೆಂಡತಿ ಕೇಳಿದಳು. ವಿಗ್ರಹಕ್ಕೆ ದಿನವೂ ಎಣ್ಣೆ ಹಚ್ಚುತ್ತಾರೆ ಎಂದು ನೆನಪಾಗಿ ಕಲ್ಲಿಗೆ ಎಣ್ಣೆ ಸವರಿ ನೋಡಿದೆ. ಒಂದು ಸಲ ಅರ್ಧ ಗಂಟೆಯಲ್ಲಿ ಬಿತ್ತು, ಉಳಿದ ಸಲ ಬೀಳಲಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನಬಹುದು. ಆದರೆ ಜಾರುವಂತಿದ್ದ ಇನ್ನೊಂದು ಹೂ ಯಾಕೆ ನಿಂತಿತು? ಅರ್ಚಕರ ಪ್ರಕಾರ ಅದು ಮರುದಿನ ಬೆಳಗ್ಗೆಯೂ ಅಲ್ಲೇ ಇತ್ತು, ಅವರೇ ತೆಗೆದರು. ನೋಡಲು ನಾನು ಇರಲಿಲ್ಲ.

ಇದಕ್ಕಿಂತ ದೊಡ್ಡ ಅನುಮಾನ ನನ್ನನ್ನು ಕಾಡತೊಡಗಿದ್ದು ಅಕ್ಕನ ನಡವಳಿಕೆಯಿಂದ. ಅವಳು ಹೂ ಪ್ರಸಾದ ಕೇಳುವುದನ್ನು ಪೂರ್ತಿ ಬಿಟ್ಟಿದ್ದಾಳೆ. ದೇವಸ್ಥಾನಕ್ಕೆ ಹೋಗುತ್ತಾಳೆ, ಒಳಗೆ ಹೋಗುವುದಿಲ್ಲ. ರಸ್ತೆಯಲ್ಲೇ ಚಪ್ಪಲಿ ಬಿಟ್ಟು, ಗೇಟಿನ ಹೊರಗಿನಿಂದ ಕೈಮುಗಿದು ಬರುತ್ತಾಳೆ. ಕರೆದರೂ ಬರಲ್ಲ ಸಾರ್ ಎಂದು ಅರ್ಚಕರೇ ನನಗೆ ಹೇಳಿದರು. ಒಂದು ದಿನ ನಾನು ಅವಳನ್ನೇ ಕೇಳಿದೆ. ದೇವರು ನಿನಗೆ ಇಷ್ಟು ಸ್ಪಷ್ಟವಾಗಿ ಉತ್ತರ ಕೊಟ್ಟಿದ್ದಾನೆ, ಇನ್ನೂ ಹತ್ತಿರವಾಗಬೇಕಿತ್ತಲ್ಲ, ದೂರ ಯಾಕೆ ನಿಂತೆ ಎಂದೆ.

ಅವಳು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು. “ಮೊದ್ಲು ನಂಬ್ತಿದ್ದೆ. ನಂಬೋದ್ರಲ್ಲಿ ಒಂದು ಸುಖ ಇತ್ತು. ಈಗ ಅವನಿದ್ದಾನೆ ಅಂತ ಗೊತ್ತಾಗೋಗಿದೆ. ಗೊತ್ತಾದ್ಮೇಲೆ ನಂಬೋಕೆ ಏನುಳೀತು ಹೇಳು? ನೀನು ಎದುರಿಗೆ ಕೂತಿದ್ದೀಯ, ನೀನಿದ್ದೀಯ ಅಂತ ನಾನು ನಂಬ್ತೀನಾ?” ಎಂದಳು. ಇನ್ನೊಂದು ಕಾಯಿ ಕೈಗೆತ್ತಿಕೊಂಡು, “ಮುಖ ತೋರ್ಸೋಕೆ ನಾಚಿಕೆ ಆಗತ್ತೆ ಕಣೋ” ಎಂದಳು.

ನಾಚಿಕೆ ಯಾಕೆ? ದೇವರನ್ನು ಉಲ್ಟಾ ಕೇಳಿ ಪರೀಕ್ಷೆ ಮಾಡಿದೆ ಎಂದು ನಾಚಿಕೆ ಇರಬಹುದು. ಹಾಗಾದರೆ ಅವಳು ಹೇಳಿದ್ದೆಲ್ಲ ನಿಜ, ಆ ಸಂಜೆ ಶ್ರೀನಗರದ ಆ ಗುಡಿಯಲ್ಲಿ ನಾನು ವಿವರಿಸಲಾರದ್ದು ಏನೋ ನಡೆಯಿತು. ಆದರೆ ನನ್ನ ಅಕ್ಕನನ್ನು ನಾನು ಬಲ್ಲೆ. ತನಗಾಗಿ ಒಂದು ಸುಳ್ಳೂ ಹೇಳದವಳು, ನನಗಾಗಿ ಹೇಳುವಾಗ ಕಣ್ಣು ಸಹ ಮಿಟುಕಿಸುವುದಿಲ್ಲ. ನಾನು ಪಿಯುಸಿಯಲ್ಲಿ ಫೇಲಾದಾಗ, ರಿಸಲ್ಟ್ ಇನ್ನೂ ಬಂದಿಲ್ಲ ಎಂದು ಅಪ್ಪನ ಮುಂದೆ ನಾಲ್ಕು ದಿನ ಹೇಳಿದವಳು ಅವಳು. ಜಗಲಿಯ ಮುಂದೆ ತಮ್ಮ ಕಾಲು ಹಿಡಿದು ಅಳುತ್ತಿದ್ದಾನೆ, ಅಕ್ಕನನ್ನು ಕೊಂದೆ ಎಂದುಕೊಂಡು ಉಳಿದ ಜೀವನ ಕಳೆಯುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಒಂದು ವೇಳೆ ಅವಳು ಎಂದಿನಂತೆ ಬಲಗಡೆಯ ಹೂವನ್ನೇ ಕೇಳಿಕೊಂಡಿದ್ದರೆ? ತನ್ನ ದೇವರು ಮೂರನೆಯ ಸಲವೂ ಬೇಡ ಎಂದದ್ದನ್ನು ಕಂಡು, ನನ್ನ ಮುಖ ನೋಡಿ, ಆ ನಿಮಿಷದಲ್ಲಿ ಆ ಮಾತನ್ನು ಹುಟ್ಟಿಸಿದ್ದರೆ? ಆಗ ಅವಳು ಆಪರೇಷನ್ ಟೇಬಲ್ ಮೇಲೆ ಮಲಗಿದ್ದು ಜೀವಮಾನವಿಡೀ ನಂಬಿದವನ ಮಾತನ್ನು ಮೀರಿ. ಅವನ ಹೆಸರಿನಲ್ಲೇ ಸುಳ್ಳು ಹೇಳಿ. ಗೇಟಿನ ಹೊರಗೆ ನಿಲ್ಲಲು ಅದೂ ಸಾಕಾದಷ್ಟು ಕಾರಣ.

ಈ ಎರಡರಲ್ಲಿ ಯಾವುದು ನಿಜವಾದರೂ, ಅಂಟಿಸಿದ ಹೂ ಯಾಕೆ ಬಿತ್ತು ಎಂಬುದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಅದನ್ನು ಬೇಕಾದರೆ ಇನ್ನೂ ಹತ್ತು ಸಲ ಕಲ್ಲಿಗೆ ಅಂಟಿಸಿ ನೋಡುತ್ತೇನೆ. ಇನ್ನೊಂದನ್ನು ತಿಳಿಯಲು ಅಕ್ಕನನ್ನು ಒಂದು ಮಾತು ಕೇಳಿದರೆ ಮುಗಿಯಿತು. ಅವತ್ತು ನಿಜವಾಗಿ ಯಾವ ಕಡೆ ಕೇಳಿದೆ ಎಂದು. ಪ್ರತಿ ಭಾನುವಾರ ಅವಳ ಮನೆಗೆ ಊಟಕ್ಕೆ ಹೋಗುತ್ತೇನೆ, ಇಬ್ಬರೇ ಇರುತ್ತೇವೆ, ಬೇಕಾದಷ್ಟು ಹೊತ್ತಿರುತ್ತದೆ. ಜೀವನವಿಡೀ ಎಲ್ಲರನ್ನೂ ಎಲ್ಲವನ್ನೂ ಕೇಳಿದವನು ನಾನು. ಇದೊಂದನ್ನು ಇವತ್ತಿನವರೆಗೂ ಕೇಳಿಲ್ಲ. ಕೇಳಿದರೆ ಅಕ್ಕ ನಿಜ ಹೇಳಿಬಿಟ್ಟಾಳು ಎಂದು ಭಯ.