ಕೊಡೆಕಡ್ಡಿಯ ಮೈಕು

ಹಾರ್ಮೋನಿಯಂ ನುಡಿಸುತ್ತ ಹಾಡಲೂ ಹೊರಟವನಿಗೆ ಮೈಕು ಹಿಡಿಯಲು ಮೂರನೆಯ ಕೈ ಬೇಕು. ಇಷ್ಟು ಸರಳವಾದ ಸತ್ಯವನ್ನು ನನಗೆ ವಿಶ್ವವಿದ್ಯಾಲಯ ಕಲಿಸಲಿಲ್ಲ. ತಮಿಳುನಾಡಿನ ನಮ್ಮೂರು ಕಾಮಯಗೌಂಡನ್‌ಪಟ್ಟಿಯಲ್ಲಿ ನಡೆದ ತಂಗಿಯ ಮದುವೆ ಕಲಿಸಿತು.

ತಮಿಳು ಬೆರೆತ ಕನ್ನಡವಾಡುವ ನಮ್ಮ ಮನೆಯ ಮದುವೆಗಳಲ್ಲಿ ಹಸೆ ಹಾಡನ್ನು ಒಬ್ಬರು ಎತ್ತಿಕೊಡಬೇಕು, ಹೆಂಗಸರೆಲ್ಲ ಮರುಸಾಲು ಹೇಳಬೇಕು. ಕೊನೆಯ ಮರುಸಾಲು ಬೀಳುವವರೆಗೆ ಮದುಮಗಳು ಮಣೆಯಿಂದ ಏಳುವಂತಿಲ್ಲ. ಸದಾ ಎತ್ತಿಕೊಡುತ್ತಿದ್ದ ರಂಗತ್ತೆಗೆ ಆ ವಾರ ಗಂಟಲು ಕಟ್ಟಿತ್ತು. ಹಾಡು ಪೂರ್ತಿ ಗೊತ್ತಿದ್ದ ಇನ್ನೊಂದು ಪ್ರಾಣಿ ನಾನು. ಆದರೆ ಇದ್ದದ್ದನ್ನು ಇದ್ದಂತೆ ಹಾಡಿದರೆ ಓದಿದ್ದಕ್ಕೆ ಏನು ಬೆಲೆ? ಹಾರ್ಮೋನಿಯಂ ಸೇರಿಸಿದೆ. ಹತ್ತಿರದ ಕಂಬಂ ಪೇಟೆಯಿಂದ ಮೈಕ್‌ಸೆಟ್ಟನ್ನೂ ತರಿಸಿದೆ.

ಸ್ಟ್ಯಾಂಡಿಗೆ ಸಿಕ್ಕಿಸಿದರೆ ಮೈಕು ಆಕಾಶದಲ್ಲಿ, ನಾನು ಚಾಪೆಯ ಮೇಲೆ. ಇಳಿಸಿದರೆ ಹಾರ್ಮೋನಿಯಂನ ಉಬ್ಬಸವಷ್ಟೇ ಊರಿಗೆ ಕೇಳಿಸಿತು. ಸೋದರಮಾವನ ಕೈಗೆ ಕೊಟ್ಟರೆ, ಅವರು ಬಂದವರನ್ನೆಲ್ಲ ಅದರಲ್ಲೇ ಊಟಕ್ಕೆ ಕರೆದರು. ಕೊನೆಗೆ ಮೈಕ್‌ಸೆಟ್ಟಿನ ಕರುಪ್ಪಯ್ಯ ಒಂದು ಹಳೆಯ ಕೊಡೆಯ ಕಡ್ಡಿಗಳನ್ನು ಹೆಣೆದು ಬಳೆ ಮಾಡಿ, ಮೈಕು ಕಟ್ಟಿ, ನನ್ನ ಕತ್ತಿಗೆ ತೊಡಿಸಿದ. “ರೆಂಡು ಕೈಯೂ ಬಿಡುವು ಸಾರ್!”

“ಉಳೋ ಎತ್ತಿಗೆ ನೊಗ ಮಾಟಿದಂಗೈತೆ ರಾಸಾ,” ಎಂದಳು ರಂಗತ್ತೆ, ಇದ್ದಷ್ಟು ಗಂಟಲಿನಲ್ಲಿ.

ಹಾಡಿದೆ. ತೆಂಗಿನ ಮರಕ್ಕೆ ಕಟ್ಟಿದ್ದ ಹಾರ್ನು ನನ್ನ ಕಂಠವನ್ನು ದ್ರಾಕ್ಷಿ ತೋಟಗಳಾಚೆಗೂ ಒಯ್ದಿತು. ಮರುಸಾಲಿಗೆಂದು ನಿಲ್ಲಿಸಿದೆ. ಹೆಂಗಸರೆಲ್ಲ ಹಾರ್ನನ್ನೇ ನೋಡುತ್ತಿದ್ದರು. ಎರಡನೆಯ ನುಡಿಗೂ ಮರುಸಾಲು ಏಳಲಿಲ್ಲ. ಪುರೋಹಿತರು ಮುಹೂರ್ತ ಮೀರುತ್ತದೆಂದು ಗೊಣಗಿದರು. ಕಾಲು ಜೋಮು ಹಿಡಿದ ತಂಗಿ ತಗ್ಗಿಸಿದ ತಲೆಯಿಂದಲೇ ನನ್ನನ್ನು ದುರುಗುಟ್ಟಿ ನೋಡಿದಳು. “ಹೇಳ್ರಮ್ಮಾ,” ಎಂದು ಬೇಡಿದೆ; ಹಾರ್ನಿನಲ್ಲಿ ಅದು ಪೊಲೀಸರ ಗದರಿಕೆಯಾಗಿ ಹೊರಬಂತು.

“ಅದೇ ಅಷ್ಟ್ ಜೋರಾ ಪಾಡ್ತೈತಲ್ಲ, ನಾವ್ ಎದುಕ್ಕು?” ಎಂದಳು ಒಬ್ಬ ಮುದುಕಿ.

ರಂಗತ್ತೆ ನನ್ನ ಕಿವಿಯ ಬಳಿ ಬಗ್ಗಿದಳು. “ಅದ್ನ ಕಳಟು ರಾಸಾ. ನಾಲ್ಕ್ ಜನ ಬೇಕಾದೋನ್ ತರ ಪಾಡು.”

ಬಳೆ ತೆಗೆದಿಟ್ಟು ಬರಿಯ ಗಂಟಲಲ್ಲಿ ಎತ್ತಿಕೊಟ್ಟೆ. ಸ್ವರ ನಡುಗಿತು. ಕರುಣೆಯಿಂದಲೋ ಏನೋ, ಚಪ್ಪರ ತುಂಬ ಮರುಸಾಲು ಎದ್ದಿತು. ಕೊನೆಯದು ಬಿದ್ದಾಗ ತಂಗಿಯೂ ಎದ್ದಳು.

ನನ್ನ ನೆನಪು ಹೇಳುವುದು ಹೀಗೆ. ಆ ದಿನದ ಡೈರಿಯಲ್ಲಿರುವುದು ಮಾತ್ರ “ಹಾಡಿನ ನಡುವೆ ಮೈಕಿನ ಬ್ಯಾಟರಿ ಮುಗಿಯಿತು” ಎಂಬ ಒಂದೇ ಸಾಲು. ಎರಡೂ ನನ್ನವೇ, ಎರಡಕ್ಕೂ ನಾನು ಜಾಮೀನು ನಿಲ್ಲಲಾರೆ. ಯಾವುದು ನಿಜವೆಂದು ಈಚೆಗೆ ತಂಗಿಯನ್ನೇ ಕೇಳಿದೆ.

“ನೀ ಪಾಡಿದ್ದು ನಂಗೆ ಞಾಪಕ ಇಲ್ಲಣ್ಣಾ,” ಎಂದಳು. “ಹೆಂಗಸ್ರೆಲ್ಲ ಪಾಡಿದ್ದು ಐತೆ.”