ತಿರುಗಿ ಮಲಗಿದ ಅಜ್ಜಿ

ನಾನು ಓದುತ್ತಿರುವುದು ಏನೆಂದು ನಮ್ಮೂರು ಶೀಳನೆರೆಯಲ್ಲಿ ಇವತ್ತಿಗೂ ಯಾರಿಗೂ ಅರ್ಥ ಮಾಡಿಸಲಾಗಿಲ್ಲ. ಆಸ್ಟಿಯೋಪಥಿ ಅಂದರೆ ಔಷಧಿಯಿಲ್ಲದೆ, ಬರಿಗೈಯಲ್ಲೇ ಮೂಳೆ, ಕೀಲು, ಸ್ನಾಯುಗಳ ಬಿಗಿತ ಹುಡುಕಿ ಸಡಿಲಿಸುವ ವಿದ್ಯೆ ಎಂದು ನಾನು ಹೇಳುವಷ್ಟರಲ್ಲಿ, "ಅಂಗಾರೆ ಮಾಲೀಸು ಅನ್ನು" ಎಂದು ಮುಗಿಸಿಬಿಡುತ್ತಾರೆ. ಮೈಯೆಲ್ಲ ಉರಿಯುತ್ತದೆ.

ಫಿಸಿಯೋಥೆರಪಿ ಡಿಗ್ರಿ ಮುಗಿದ ಕೂಡಲೇ ನಾಗಮಂಗಲದ ಕಡೆಯಿಂದ ಸಂಬಂಧ ಬಂದಿತ್ತು. ನಾನು ಹಟ ಹಿಡಿದು ಶ್ರೀರಂಗಪಟ್ಟಣದಲ್ಲಿ ಈ ಕೋರ್ಸಿಗೆ ಸೇರಿದೆ. "ಒಂದೇ ಸಲ ಕಣವ್ವ. ಪಾಸಾದ್ರೆ ಓದು, ಇಲ್ದಿದ್ರೆ ಅವರ್ಗೆ ಊಂ ಅಂದ್ಬುಡ್ತೀನಿ" ಎಂದು ಅಪ್ಪ ಅಮ್ಮನ ಎದುರಿಗೇ ಹೇಳಿದ. ಅಪ್ಪ ಆಡಿದ ಮಾತು ಬದಲಿಸಿದ್ದನ್ನು ನಾನು ಕಂಡಿರಲಿಲ್ಲ.

ನನ್ನದು ಸುಮ್ಮನೆ ಕೂರುವ ಜೀವವಲ್ಲ. ಬೆನ್ನ ಮೇಲೆ ಕೈಯಿಟ್ಟರೆ ತಕ್ಷಣ ಒತ್ತಬೇಕು ಅನ್ನಿಸುತ್ತದೆ. "ನಿನ್ನ ಕೈಗೆ ಯಾವ ಬಸ್ಸು ತಪ್ಪಿಹೋಗುತ್ತಮ್ಮ?" ಎಂದು ಪಾಠ ಹೇಳುವ ಮೇಡಂ ರೇಗಿಸುತ್ತಿದ್ದರು. ಪಾಂಡವಪುರದಲ್ಲಿ ಬಸ್ಸು ಬದಲಿಸಿ ಎದ್ದುಬಿದ್ದು ಬರುವವಳ ಕೈ ಇನ್ನು ಹೇಗಿರುತ್ತದೆ!

ಕೋರ್ಸಿನ ಅಭ್ಯಾಸಕ್ಕೆ ಅಲ್ಲಿದ್ದದ್ದು ಒಂದು ಕಿರಿದಾದ ಕೋಣೆ, ಉತ್ತರಕ್ಕೆ ತಲೆ ಬರುವಂತೆ ಹಾಕಿದ ಒಂದು ಮೇಜು. ನಾವು ವಿದ್ಯಾರ್ಥಿಗಳೇ ಸರದಿಯಲ್ಲಿ ಬೋರಲು ಮಲಗಿ ಒಬ್ಬರಿಗೊಬ್ಬರು ರೋಗಿಗಳಾಗುತ್ತಿದ್ದೆವು. ಕಿಟಕಿಯ ಕಡೆ ಬಲ, ಗೋಡೆಯ ಕಡೆ ಎಡ. ನನ್ನ ತಲೆಯಲ್ಲಿ ಅದು ಹಾಗೆಯೇ ಕೂತುಬಿಟ್ಟಿತ್ತು.

ಪರೀಕ್ಷೆಯ ದಿನ ಅಪ್ಪನೂ ಜೊತೆಗೆ ಬಂದು ಹೊರಗೆ ಕೂತ. ಒಳಗೆ, ಅದೇ ಮೇಜಿನ ಮೇಲೆ, ನನಗೆ ಸಿಕ್ಕಿದ ರೋಗಿ ಬಾಬುರಾಯನಕೊಪ್ಪಲಿನ ಒಬ್ಬ ಅಜ್ಜಿ. ನೋವು ಯಾವ ಕಡೆ ಎಂದು ಕೇಳುವಂತಿಲ್ಲ, ಕೈಯಲ್ಲೇ ಹುಡುಕಿ ಹೇಳಬೇಕು. ಮುಟ್ಟಿದರೆ ಅಜ್ಜಿಯ ಬೆನ್ನು ಪೂರ್ತಿ ಸೆಟೆದುಕೊಂಡಿತ್ತು. ಎಲ್ಲ ಕಡೆಯೂ ಒಂದೇ ಬಿಗಿ. ಬಗ್ಗಿ, "ಏನಜ್ಜಿ, ಭಯನಾ?" ಎಂದು ಮೆಲ್ಲಗೆ ಕೇಳಿದೆ.

"ಬಡಗ್ಲಿಗೆ ತಲೆ ಆಕುಸ್ಬುಟ್ರಲ್ಲವ್ವ. ಇಂಗೆ ಯಾರಾರ ಮಲಿಕತಾರಾ?"

ನಮ್ಮ ಮನೆಯಲ್ಲೂ ಯಾರೂ ಉತ್ತರಕ್ಕೆ ತಲೆ ಹಾಕಿ ಮಲಗುವುದಿಲ್ಲ. ಪರೀಕ್ಷಕರನ್ನೂ ಕೇಳದೆ ಅಜ್ಜಿಯನ್ನು ಎಬ್ಬಿಸಿ, ದಿಂಬನ್ನು ಆಚೆಗಿಟ್ಟು, ತಿರುಗಿಸಿ ಮಲಗಿಸಿದೆ. ಅಜ್ಜಿ ಉಸಿರು ಬಿಟ್ಟರು, ಬೆನ್ನು ಮೆತ್ತಗಾಯಿತು. ಆಗ ನನ್ನ ಕೈ ಮೊದಲ ಬಾರಿಗೆ ಸುಮ್ಮನೆ ನಿಂತಿತು. ಸೊಂಟದ ಮೇಲೆ, ಕಿಟಕಿಯ ಕಡೆಗೆ, ಹುಣಸೆ ಬೀಜದಷ್ಟು ಗಂಟು ಬೆರಳಿಗೆ ಸಿಕ್ಕಿತು. ಖುಷಿಯಲ್ಲಿ ಗಟ್ಟಿಯಾಗಿ, "ಬಲಗಡೆ ಸರ್" ಅಂದೆ.

ಪರೀಕ್ಷಕರು ಅಜ್ಜಿಯ ಬೆನ್ನು ನೋಡಿದರು, ನನ್ನ ಮುಖ ನೋಡಿದರು. "ಅದು ಎಡಗಡೆಯಮ್ಮ. ರೋಗಿ ತಿರುಗಿದ ಮೇಲೆ ನೀನೂ ತಿರುಗಬೇಕಲ್ಲ" ಅಂದರು. ಕಡೆ ತಪ್ಪು ಹೇಳಿದವರಿಗೆ ಪಾಸಿಲ್ಲ. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಕೆ.ಆರ್.ಪೇಟೆ ಬಸ್ಸಿನಲ್ಲಿ ಎಲ್ಲವನ್ನೂ ಅಪ್ಪನಿಗೆ ಹೇಳಿದೆ. "ಎಡ ಯಾವ್ದು ಬಲ ಯಾವ್ದು ಗೊತ್ತಿಲ್ದೋಳು ಇನ್ನೊಬ್ರ ಬೆನ್ನು ಮುಟ್ಟಕೋಯ್ತಾಳೆ" ಎಂದ. ನನಗೂ ಕೋಪ ಬಂತು. "ನಿನ್ನ ಬಡಗ್ಲಿಗೆ ತಲೆ ಆಕುಸಿ ಮಲಗ್ಸಿದ್ರೆ ಸುಮ್ಕಿರ್ತಿದ್ದಾ?" ಎಂದೆ. ಅಪ್ಪ ಮುಖ ತಿರುಗಿಸಿದ. ನಾನು ಚೀಲದ ಜಿಪ್ಪು ಎಳೆಯುವುದು, ಮುಚ್ಚುವುದು ಮಾಡುತ್ತಲೇ ಇದ್ದೆ. ನಾಗಮಂಗಲದವರಿಗೆ ಇವತ್ತೇ ಫೋನು ಹೋಗುತ್ತದೆ.

ಮನೆ ತಲುಪಿದಾಗ ಅಮ್ಮ ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, "ಏನಾಯ್ತು?" ಅಂದಳು. ಅಪ್ಪ ಚಪ್ಪಲಿ ಬಿಡುತ್ತಾ, ನನ್ನ ಕಡೆ ನೋಡದೆ, ಅವಳಿಗೆ ಹೇಳಿದ:

"ಇನ್ನೊಂದ್ಸಲ ಪರೀಕ್ಸೆಗೆ ಕೂತ್ಕಬೇಕಂತೆ. ಕೂತ್ಕತಾಳೆ ಬುಡು."