ಗುಡ್ರುನ್ ಬೆಳೆಸಿದ ಹುಲ್ಲು

ಆರ್ಹುಸ್ ಊರಿನ ನಮ್ಮ ಹಳೇ ಸ್ಮಶಾನದ ಅರ್ಧವನ್ನು ಉದ್ಯಾನ ಮಾಡಿದವಳು, ಉದ್ಯಾನಗಳ ನಕ್ಷೆ ಬರೆಯುವ ಗುಡ್ರುನ್ ಹಾಲಗೇರ್. ಅಲ್ಲಿ ಗುಂಡಿ ತೋಡುವವನು, ಹುಲ್ಲು ಕತ್ತರಿಸುವವನು ನಾನು. ಅವಳನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಅವಳ ಕೈಯಲ್ಲಿ ಕಲೆ ಇತ್ತು, ಇಲ್ಲವೆನ್ನಲಾರೆ.

ಹಡಗಿನ ಕಪ್ತಾನರ, ದೊಡ್ಡ ವ್ಯಾಪಾರಿಗಳ ಕೆತ್ತನೆ ಕಲ್ಲುಗಳನ್ನು ಪರಂಪರೆ ಎಂದು ಮರಗಳ ಕೆಳಗೆ ಉಳಿಸಿಕೊಂಡಳು. ಬಡವರ ಸಣ್ಣ ಕಲ್ಲುಗಳು ಪುಡಿಯಾಗಿ ಸೈಕಲ್ ದಾರಿಯ ಅಡಿಗೆ ಹೋದವು. ಮೀನುಗಾರನ ವಿಧವೆ ಆಸ್ತಾ ಬಂದು ಬೇಡಿಕೊಂಡಿದ್ದಳು.

"ನನ್ನ ಮಗೂದು ಇಷ್ಟೇ ಇಷ್ಟು ಕಲ್ಲು ಕಣಮ್ಮ. ಯಾವ್ದಾದ್ರೂ ಮೂಲೇಲಿ ಬಿದ್ದಿರ್ಲಿ."

"ನೆನಪು ಕಲ್ಲಲ್ಲಿರಲ್ಲ ಆಸ್ತಾ, ಎದೇಲಿರತ್ತೆ," ಎಂದಳು ಗುಡ್ರುನ್, ನಕ್ಷೆಯಿಂದ ತಲೆ ಎತ್ತದೆ.

ಉದ್ಯಾನದ ಬಯಲಿನ ನಡುವೆ ಹೆಸರಿಲ್ಲದವರ ನೆಲವಿದೆ; ಕಲ್ಲೂ ಹೆಸರೂ ಬೇಡವೆಂದು ಹೇಳಿ ಸತ್ತವರದು. ಅಲ್ಲಿಗೆ ಬೂದಿಯ ಕುಡಿಕೆಯನ್ನು ನಾನೊಬ್ಬನೇ ಒಯ್ದು ಹೂಳಬೇಕು. ಮನೆಯವರು ಬರುವಂತಿಲ್ಲ, ಜಾಗ ಯಾರಿಗೂ ಹೇಳುವಂತಿಲ್ಲ. ಅದು ನಮ್ಮ ಹಳೇ ಪದ್ಧತಿ. ಆದರೆ ಮೊದಲೆಲ್ಲ ಆ ನೆಲವನ್ನು ಯಾರೂ ತುಳಿಯುತ್ತಿರಲಿಲ್ಲ. ಗುಡ್ರುನ್ ಅದರ ಬೇಲಿ ಕಿತ್ತಳು, "ಬನ್ನಿ, ಹುಲ್ಲಿನ ಮೇಲೆ ಕೂರಿ" ಎಂದು ಹಲಗೆ ನೆಟ್ಟಳು. ಸತ್ತವರಿಗೂ ಬದುಕಿರುವವರಿಗೂ ಒಂದೇ ಹಾಸು ಎಂದು ಊರೆಲ್ಲ ಹೊಗಳಿತು.

ಅವಳ ಗಂಡ ವಿಲ್ಲಾಸ್ ಸಾಧು ಮನುಷ್ಯ. ಹೆಂಡತಿಯ ಮಾತನ್ನೆಲ್ಲ ನಂಬಿದವನು. ಸಾಯುವ ಮುಂಚೆ "ನಿನ್ನ ಹುಲ್ಲಿನಡಿಗೇ ಹಾಕು, ಹೆಸರು ಬೇಡ" ಎಂದಿದ್ದನಂತೆ. ವಸಂತದಲ್ಲಿ ಅವನನ್ನೂ ನಾನೇ ಹೂತೆ.

ಬೇಸಿಗೆಯ ಮೊದಲ ಬಿಸಿಲಿಗೆ ಗುಡ್ರುನ್ ನನ್ನ ಹತ್ತಿರ ಬಂದಳು. ಸೊರಗಿಹೋಗಿದ್ದಳು.

"ವಿಲ್ಲಾಸ್ ಎಲ್ಲಿದಾನೆ?"

"ಹೇಳೋ ಹಾಗಿಲ್ವಲ್ಲ, ನಿಮಗೇ ಗೊತ್ತು."

"ಬಾಯಿ ಬಿಡ್ಬೇಡ. ಬೆರಳು ತೋರ್ಸು, ಸಾಕು. ಒಂದ್ಸಲ ಪಕ್ಕದಲ್ಲಿ ಕೂತ್ಕೊಂಡು ಹೋಗ್ತೀನಿ."

"ತೋರ್ಸಕ್ಕೆ ನಂಗೂ ಗೊತ್ತಿಲ್ಲ. ಹುಲ್ಲು ಕೂಡ್ಕೊಂಡ್ಬಿಟ್ಟಿದೆ. ಗಾಯಾನೇ ಕಾಣದ ಹಾಗೆ ಕೂಡೋ ಜಾತಿ ಬೇಕು ಅಂತ ಹುಡುಕಿ ತರಿಸಿದ್ದು ನೀವೇ ಅಲ್ವಾ?"

ಹೇಳಿದ್ದು ನಿಜ. ಹೇಳುವಾಗ ನನಗೆ ಹಿತವಾಯಿತು, ಅದೂ ನಿಜ.

ಬಿಸಿಲು ಕಂಡರೆ ನಮ್ಮ ಊರು ಮನೆಯಲ್ಲಿ ನಿಲ್ಲುವುದಿಲ್ಲ. ಬಯಲ ತುಂಬ ಅರೆಬತ್ತಲೆ ಮೈಗಳು, ಬಿಯರ್ ಬಾಟಲಿಗಳು. ಒಂದು ನಾಯಿ ನೆಲ ಕೆರೆಯುತ್ತಿತ್ತು. ಗುಡ್ರುನ್ ಓಡಿಹೋಗಿ ಅದನ್ನು ಅಟ್ಟಿದಳು. "ಏಳಿ! ಇಲ್ಲಿ ಮಲಗ್ಬೇಡಿ, ಏಳಿ!" ಎಂದು ಒಬ್ಬೊಬ್ಬರ ಬಳಿಗೂ ಹೋಗಿ ಕೂಗಿದಳು.

ಬೋರಲು ಮಲಗಿದ್ದ ಒಬ್ಬಳು ತಲೆಯಷ್ಟೇ ಎತ್ತಿದಳು. "ಬೋರ್ಡ್ ಓದೋಕ್ ಬರಲ್ವೇನಜ್ಜಿ?" ಸುತ್ತಲಿನವರು ನಕ್ಕರು.

ಬೆಂಚಿನ ಮೇಲೆ ಆಸ್ತಾ ರೈ ಧಾನ್ಯದ ರೊಟ್ಟಿ ತಿನ್ನುತ್ತ ಎಲ್ಲವನ್ನೂ ನೋಡುತ್ತಿದ್ದಳು. ಮಾಡಿದ್ದುಣ್ಣೋ ಮಹಾರಾಯ ಎಂದು ಅವಳೇನೂ ಅನ್ನಲಿಲ್ಲ. ಬಾಯಲ್ಲಿದ್ದದ್ದನ್ನು ನುಂಗಿ, ಮೆಲ್ಲಗೆ ಹೇಳಿದಳು.

"ಎದೇಲಿ ಹುಡುಕಮ್ಮ, ಎದೇಲಿ."

ಗುಡ್ರುನ್ ತಿರುಗಿ ಹೊರಟವಳು ತಟ್ಟನೆ ನಿಂತಳು. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಳು. ಮುಂದಿನ ಹೆಜ್ಜೆ ಎಲ್ಲಿಡಬೇಕೆಂದು ತಿಳಿಯದೆ ಹುಲ್ಲಿನ ನಡುವೆ ಹಾಗೇ ನಿಂತುಬಿಟ್ಟಳು.